ಕೈರೋದಿಂದ ಕೇಪ್‌ಟೌನ್‌ಗೆ ಎಷ್ಟು ದೂರ, ಎಷ್ಟು ಹೊತ್ತು?

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಭೂಗೋಳದ ಮೇಷ್ಟ್ರೊಬ್ಬರಿದ್ದಾರೆ. ನಿವೃತ್ತರಾಗಿ ಎಂಟು ವರ್ಷವಾಯಿತು. ಬರುವ ಡಿಸೆಂಬರಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಆಫ್ರಿಕಾ ನೋಡಿಬರಬೇಕೆಂದು ಹೊರಟಿದ್ದಾರೆ. ಪಟ್ಟಿಯಲ್ಲಿ ಇರುವುದು ಎರಡೇ ಊರು: ಪಿರಮಿಡ್ಡುಗಳಿಗಾಗಿ ಕೈರೋ, ಟೇಬಲ್ ಮೌಂಟನ್‌ಗಾಗಿ ಕೇಪ್‌ಟೌನ್. ಎರಡೂ ಒಂದೇ ಖಂಡದಲ್ಲಿವೆ, ಒಂದು ರಾತ್ರಿ ಕಣ್ಣು ಮುಚ್ಚಿದರೆ ತಲುಪಬಹುದು ಎಂಬುದು ಅವರ ಮಗಳ ಅಂದಾಜು. ಮೊಬೈಲಿನಲ್ಲಿ ಹುಡುಕಿದಾಗ ಒಂದು ಜಾಲತಾಣ ಎಂಟೂವರೆ ಗಂಟೆ ಎಂದಿತು, ಇನ್ನೊಂದು ಒಂಬತ್ತೂವರೆ ಗಂಟೆ ಎಂದಿತು. ಟಿಕೆಟ್ ಕೊಳ್ಳಲು ಹೋದರೆ ಹದಿಮೂರು ಗಂಟೆಗಿಂತ ಕಡಿಮೆಯ ಪ್ರಯಾಣವೇ ಕಾಣಲಿಲ್ಲ, ಕೆಲವಂತೂ ಒಂದು ದಿನವನ್ನು ದಾಟಿದವು. ‘ಇವುಗಳಲ್ಲಿ ಯಾವುದು ಸುಳ್ಳು?’ ಎಂದು ಕೇಳುತ್ತಾ ಮೇಷ್ಟ್ರು ನಮ್ಮ ಜಗಲಿಗೆ ಬಂದು ಕುಳಿತರು.

ಯಾವುದೂ ಸುಳ್ಳಲ್ಲ. ಒಂದೊಂದು ಅಂಕಿಯೂ ಬೇರೆಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ಒಂದು ಭೂಮಿಯ ಮೇಲ್ಮೈಯ ಲೆಕ್ಕ, ಇನ್ನೊಂದು ವಿಮಾನದ ಲೆಕ್ಕ, ಮತ್ತೊಂದು ಪ್ರಯಾಣಿಕನ ಲೆಕ್ಕ. ಈ ಮೂರನ್ನೂ ಬೇರ್ಪಡಿಸಿಕೊಂಡರೆ ಆಫ್ರಿಕಾದ ಯಾವ ಎರಡು ಊರುಗಳ ನಡುವಿನ ಪ್ರಯಾಣವನ್ನಾದರೂ ಮನೆಯಲ್ಲೇ ಕುಳಿತು ಅಂದಾಜು ಮಾಡಬಹುದು.

ಅಟ್ಲಾಸ್ ಇದ್ದರೆ ಸಾಕು

ಮೊದಲು ದೂರ. ಕೈರೋ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 30 ಡಿಗ್ರಿ ಅಕ್ಷಾಂಶದಲ್ಲಿದೆ. ಕೇಪ್‌ಟೌನ್ ದಕ್ಷಿಣಕ್ಕೆ ಸುಮಾರು 34 ಡಿಗ್ರಿಯಲ್ಲಿದೆ. ಎರಡರ ನಡುವೆ 64 ಡಿಗ್ರಿ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ.; ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 111 ಕಿ.ಮೀ. ಬರುತ್ತದೆ. 64ನ್ನು 111ರಿಂದ ಗುಣಿಸಿ: 7,104. ಕೇಪ್‌ಟೌನ್ ಕೈರೋಗೆ ನೆಟ್ಟಗೆ ಕೆಳಗಿಲ್ಲ, ಸ್ವಲ್ಪ ಪಶ್ಚಿಮಕ್ಕೆ ಸರಿದಿದೆ. ಆ ಓರೆಗೆ ನೂರು ಕಿ.ಮೀ. ಚಿಲ್ಲರೆ ಸೇರಿಸಿದರೆ ಸುಮಾರು 7,200 ಕಿ.ಮೀ. ಮೇಷ್ಟ್ರು ಇದನ್ನು ಪತ್ರಿಕೆಯ ಅಂಚಿನಲ್ಲೇ ಗೀಚಿ ಮುಗಿಸಿದರು. ಗಣಕಯಂತ್ರ ಕೊಡುವ ಉತ್ತರವೂ ಇದೇ.

7,200 ಕಿ.ಮೀ. ಎಂದರೆ ಎಷ್ಟು? ಬೀದರಿನಿಂದ ಚಾಮರಾಜನಗರದ ಗಡಿಯವರೆಗೆ ಕರ್ನಾಟಕದ ಉದ್ದ ಸುಮಾರು 750 ಕಿ.ಮೀ. ಅಂಥ ಒಂಬತ್ತೂವರೆ ಕರ್ನಾಟಕಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. ಕಾಶ್ಮೀರದಿಂದ ಕನ್ಯಾಕುಮಾರಿಗೆ ಭಾರತದ ಉದ್ದ 3,214 ಕಿ.ಮೀ. ಅದರ ಎರಡರಷ್ಟನ್ನು ಮೀರಿದ ದಾರಿ ಇದು. ಭೂಪಟ ನೋಡಿದಾಗ ಹೀಗೆ ಅನ್ನಿಸುವುದಿಲ್ಲ. ಶಾಲೆಯ ಗೋಡೆಯ ಮೇಲೆ ತೂಗುವ ಹಲವು ಪಟಗಳು ಧ್ರುವದ ಕಡೆಯ ನಾಡುಗಳನ್ನು ಹಿಗ್ಗಿಸಿ ತೋರಿಸುತ್ತವೆ. ಅವುಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ; ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕರಷ್ಟಿದೆ. ಭಾರತದಂಥ ಒಂಬತ್ತು ದೇಶಗಳು ಅದರೊಳಗೆ ಹಿಡಿಸುತ್ತವೆ. ‘ಆಫ್ರಿಕಾಕ್ಕೆ ಹೋಗಿದ್ದೆ’ ಎಂದು ಯಾರಾದರೂ ಹೇಳಿದರೆ ಅದು ‘ಏಷ್ಯಾಕ್ಕೆ ಹೋಗಿದ್ದೆ’ ಎಂದಷ್ಟೇ ಅಸ್ಪಷ್ಟ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ಒಂದೇ ದೂರಕ್ಕೆ ಕೆಲವು ಜಾಲತಾಣಗಳು ಸುಮಾರು 4,500 ಎಂದು ತೋರಿಸುತ್ತವೆ, ಕೆಲವು 3,900 ಎಂದು. ಮೊದಲನೆಯದು ಸಾಮಾನ್ಯ ಮೈಲಿ. ಎರಡನೆಯದು ಹಡಗು ಮತ್ತು ವಿಮಾನದವರು ಬಳಸುವ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದಾಗ ಸಿಗುವ ಒಂದು ಪಾಲೇ ಅದು. ಹಾಗಾಗಿ ಪೈಲಟ್ಟಿಗೆ 111ರ ಗುಣಾಕಾರವೂ ಬೇಡ, 60ರದು ಸಾಕು.

ಕುಂಬಳಕಾಯಿಗೆ ಕಟ್ಟಿದ ದಾರ

ಇದುವರೆಗೆ ಹೇಳಿದ ದೂರ ಯಾವ ಗೆರೆಯ ಉದ್ದ? ಒಂದು ಕುಂಬಳಕಾಯಿಯ ಮೇಲೆ ಎರಡು ಚುಕ್ಕೆ ಇಟ್ಟು, ಅವುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿಯೇ ಅತಿ ಹತ್ತಿರದ ದಾರಿಯನ್ನು ಹುಡುಕಿಕೊಳ್ಳುತ್ತದೆ. ಭೂಮಿಯ ಮೇಲೆ ಅಂಥ ಗೆರೆಗೆ ಮಹಾವೃತ್ತ ಎಂದು ಹೆಸರು. ಚಪ್ಪಟೆ ಭೂಪಟದ ಮೇಲೆ ಇದು ಬಾಗಿದ ಬಿಲ್ಲಿನಂತೆ ಕಾಣುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂದಾಗ ಅದು ಉತ್ತರ ಧ್ರುವದ ಮೇಲೆ ಹಾರಿ ಬಂತೆಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ಸಾಹಸಕ್ಕಾಗಿ ಬಳಸಿದ ದಾರಿಯಲ್ಲ, ದಾರ ಎಳೆದರೆ ಸಿಗುವ ದಾರಿಯೇ ಅದು.

ಆಫ್ರಿಕಾದೊಳಗೆ ಈ ಬಾಗು ಹೆಚ್ಚು ಕಾಡುವುದಿಲ್ಲ. ಉತ್ತರ–ದಕ್ಷಿಣದ ರೇಖಾಂಶಗಳೂ ಭೂಮಧ್ಯರೇಖೆಯೂ ತಾವೇ ಮಹಾವೃತ್ತಗಳು. ಕೈರೋ–ಕೇಪ್‌ಟೌನ್ ಗೆರೆ ಹೆಚ್ಚುಕಡಿಮೆ ರೇಖಾಂಶದ ಗುಂಟ ಇಳಿಯುತ್ತದೆ, ನೈಜೀರಿಯಾದ ಲಾಗೋಸ್‌ನಿಂದ ಕೀನ್ಯಾದ ನೈರೋಬಿಗೆ ಎಳೆದ ಗೆರೆ ಹೆಚ್ಚುಕಡಿಮೆ ಭೂಮಧ್ಯರೇಖೆಯ ಗುಂಟ ಸಾಗುತ್ತದೆ. ಇಲ್ಲಿ ಸ್ಕೇಲು ಇಟ್ಟು ಅಳೆದರೂ ದೊಡ್ಡ ಮೋಸವಾಗದು.

ಎಂಟೂವರೆಯೋ, ಒಂಬತ್ತೂವರೆಯೋ?

ದೂರ ಸಿಕ್ಕಿತು, ಈಗ ಹೊತ್ತು. ಪ್ರಯಾಣಿಕರ ಜೆಟ್ ವಿಮಾನ ಹತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಗಂಟೆಗೆ 800ರಿಂದ 900 ಕಿ.ಮೀ. ವೇಗದಲ್ಲಿ ಹಾರುತ್ತದೆ. ಅಂತರ್ಜಾಲದ ದೂರಮಾಪಕಗಳು ಮಾಡುವುದು ಮೂರನೆಯ ತರಗತಿಯ ಭಾಗಾಕಾರ. ದೂರವನ್ನು ಒಂದು ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸುತ್ತವೆ. 7,200ನ್ನು 900ರಿಂದ ಭಾಗಿಸಿದರೆ 8 ಗಂಟೆ, ಅರ್ಧ ಸೇರಿ ಎಂಟೂವರೆ. 800ರಿಂದ ಭಾಗಿಸಿದರೆ 9 ಗಂಟೆ, ಅರ್ಧ ಸೇರಿ ಒಂಬತ್ತೂವರೆ. ಮೇಷ್ಟ್ರಿಗೆ ಸಿಕ್ಕ ಎರಡು ಉತ್ತರಗಳ ಗುಟ್ಟು ಇಷ್ಟೇ. ಎರಡೂ ತಾಣಗಳು ಯಾವ ವಿಮಾನವನ್ನೂ ನೋಡಿಲ್ಲ, ಅಂಥ ವಿಮಾನ ಇದೆಯೋ ಇಲ್ಲವೋ ಎಂದೂ ವಿಚಾರಿಸಿಲ್ಲ. ಈ ಮಾತನ್ನು ಅವು ತೆರೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ್ದರೆ ಎಷ್ಟೋ ಜನರ ತಲೆಬಿಸಿ ತಪ್ಪುತ್ತಿತ್ತು.

ಟಿಕೆಟ್ಟಿನಲ್ಲಿ ಅಚ್ಚಾಗುವ ಹೊತ್ತು ಬೇರೆಯದು. ಅದನ್ನು ವಿಮಾನದವರು ಬ್ಲಾಕ್ ಟೈಮ್ ಎನ್ನುತ್ತಾರೆ. ನಿಂತ ವಿಮಾನದ ಗಾಲಿ ಉರುಳದಂತೆ ಮುಂದೆ ಹಿಂದೆ ಅಡ್ಡಕಟ್ಟೆ ಇಟ್ಟಿರುತ್ತಾರೆ, ಲಾರಿಯ ಗಾಲಿಗೆ ಕ್ಲೀನರ್ ಕಲ್ಲು ಕೊಡುತ್ತಾನಲ್ಲ, ಹಾಗೆ. ಹೊರಡುವಾಗ ಆ ಕಟ್ಟೆ ತೆಗೆದು ವಿಮಾನ ಕದಲಿದ ಗಳಿಗೆಯಿಂದ ಗುರಿ ತಲುಪಿ ಮತ್ತೆ ನಿಂತ ಗಳಿಗೆಯವರೆಗಿನ ಹೊತ್ತೇ ಬ್ಲಾಕ್ ಟೈಮ್. ರನ್‌ವೇವರೆಗೆ ತೆವಳಿದ್ದು, ಸಾಲಿನಲ್ಲಿ ಕಾದದ್ದು, ಇಳಿದ ಮೇಲೆ ನಿಲ್ಲಲು ಜಾಗ ಹುಡುಕಿದ್ದು ಎಲ್ಲವೂ ಇದರೊಳಗೆ ಬರುತ್ತವೆ. ದಟ್ಟಣೆಯ ನಿಲ್ದಾಣಗಳಲ್ಲಿ ಇದೇ ಅರ್ಧ ಗಂಟೆ ನುಂಗುತ್ತದೆ. ಕಂಪನಿಗಳು ತಡವಾಗದಿರಲೆಂದು ಇನ್ನೂ ಹತ್ತು ಹದಿನೈದು ನಿಮಿಷ ಹೆಚ್ಚಿಗೆ ಸೇರಿಸಿ ವೇಳಾಪಟ್ಟಿ ಬರೆಯುವುದೂ ಉಂಟು. ‘ನಿಗದಿಗಿಂತ ಹದಿನೈದು ನಿಮಿಷ ಮೊದಲೇ ಬಂದಿದ್ದೇವೆ’ ಎಂದು ಧ್ವನಿವರ್ಧಕದಲ್ಲಿ ಸಂಭ್ರಮದಿಂದ ಸಾರುವುದರ ಹಿಂದೆ ಹೀಗೆ ಸೇರಿಸಿದ ನಿಮಿಷಗಳ ಪಾಲೂ ಇರುತ್ತದೆ.

ಗಾಳಿಯ ಪಾತ್ರವೇನು? ಭಾರತದಿಂದ ಯುರೋಪಿಗೆ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಮೇಲ್ಗಾಳಿ ಹೋಗುವಾಗ ಎದೆಗೆ ಬಡಿದು ಬರುವಾಗ ಬೆನ್ನಿಗೆ ತಳ್ಳುವುದರಿಂದ ಹಾಗೆ. ಕೈರೋ–ಕೇಪ್‌ಟೌನ್ ವಿಮಾನಕ್ಕೆ ಆ ಗಾಳಿ ಪಕ್ಕದಿಂದ ತಾಗುತ್ತದೆ, ಅದೂ ದಾರಿಯ ಎರಡು ತುದಿಗಳಲ್ಲಿ ಮಾತ್ರ. ನಡುವಿನ ಭೂಮಧ್ಯರೇಖೆಯ ಪಟ್ಟಿಯಲ್ಲಿ ಅದರ ಕಾಟವಿಲ್ಲ. ಹಾಗಾಗಿ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಹೆಚ್ಚು ವ್ಯತ್ಯಾಸ ಬೀಳುವುದಿಲ್ಲ.

ಆಕಾಶದಲ್ಲೂ ರಸ್ತೆ, ಆಕಾಶದಲ್ಲೂ ಬೇಲಿ

ದಾರ ಎಳೆದ ಗೆರೆಯ ಮೇಲೆಯೇ ವಿಮಾನ ಹಾರುವುದು ಅಪರೂಪ. ಆಕಾಶದಲ್ಲಿ ಗೊತ್ತುಮಾಡಿದ ಹಾದಿಗಳಿವೆ, ಹಾದಿಯ ಮೇಲೆ ಹೆಸರಿಟ್ಟ ಬಿಂದುಗಳಿವೆ. ವಿಮಾನ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಒಡೆತನವಿದೆ ಎಂಬುದು 1944ರಲ್ಲಿ ಷಿಕಾಗೊದಲ್ಲಿ ಆದ ಒಪ್ಪಂದದ ಮಾತು. ಮೇಲೆ ಹಾರಿಹೋಗಲೂ ಅನುಮತಿ ಬೇಕು, ಶುಲ್ಕ ಕಟ್ಟಬೇಕು.

ಕೈರೋದಿಂದ ನೆಟ್ಟಗೆ ದಕ್ಷಿಣಕ್ಕೆ ಇಳಿಯುವ ಗೆರೆ ಮೊದಲು ದಾಟಬೇಕಾದ ನೆರೆಯ ದೇಶ ಸುಡಾನ್. ಕರ್ನಾಟಕದಂಥ ಒಂಬತ್ತು ರಾಜ್ಯಗಳನ್ನು ಇಟ್ಟರೂ ಜಾಗ ಉಳಿಯುವಷ್ಟು ದೊಡ್ಡ ನಾಡು. 2023ರ ಏಪ್ರಿಲ್ 15ರಂದು ಅಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ರಾಜಧಾನಿ ಖಾರ್ಟೂಮ್‌ನ ವಿಮಾನ ನಿಲ್ದಾಣವೇ ರಣರಂಗವಾಯಿತು. ದೇಶದ ಆಕಾಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಲಾಯಿತು. ಅದರೊಂದಿಗೆ ಉತ್ತರ–ದಕ್ಷಿಣದ ಹೆದ್ದಾರಿಯ ನಟ್ಟನಡುವೆ ಗೋಡೆ ಎದ್ದಂತಾಯಿತು. ಪೂರ್ವದಲ್ಲಿ ಕೆಂಪು ಸಮುದ್ರದ ಕಡೆಗೋ ಪಶ್ಚಿಮದಲ್ಲಿ ಚಾಡ್ ಕಡೆಗೋ ಸರಿದು ಸುತ್ತಿ ಹೋಗಬೇಕಾಯಿತು. ಇದು ನಮಗೆ ಹೊಸ ಅನುಭವವಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ ಹೋಗುವವರ ಹೊತ್ತು ಹೇಗೆ ಹಿಗ್ಗಿತೆಂದು ನೋಡಿದ್ದೇವೆ. ದೂರಮಾಪಕ ತಾಣಗಳಿಗೆ ಇಂಥ ಬೇಲಿಗಳ ಗೊಡವೆಯಿಲ್ಲ. ಯುದ್ಧ ನಡೆದರೂ ಅವುಗಳಲ್ಲಿ 7,200 ಎಂದೇ ಇರುತ್ತದೆ.

ಸುಡಾನ್ ಆಚೆಗೆ ಇನ್ನೊಂದು ಅಡ್ಡಿ ಮೋಡ. ಭೂಮಧ್ಯರೇಖೆಯ ಸುತ್ತ, ಅದರಲ್ಲೂ ಕಾಂಗೊ ಮಳೆಕಾಡಿನ ಮೇಲೆ, ಮಧ್ಯಾಹ್ನವಾಗುತ್ತಲೇ ಬಿಸಿ ತೇವದ ಗಾಳಿ ಮೇಲೆದ್ದು ಗುಡುಗುಮೋಡವಾಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಮಿಂಚು ಹೊಡೆಯುವ ಪ್ರದೇಶಗಳಲ್ಲಿ ಇದೂ ಒಂದು. ಆ ಮೋಡಗಳ ತಲೆ ಹದಿನೈದು ಕಿ.ಮೀ. ಎತ್ತರವನ್ನೂ ಮುಟ್ಟುವುದರಿಂದ ಮೇಲಿಂದ ಹಾರಿಹೋಗುವ ಮಾತಿಲ್ಲ. ಪೈಲಟ್ ರೇಡಾರ್ ನೋಡುತ್ತಾ ಒಂದು ಮೋಡವನ್ನು ಎಡಕ್ಕೆ ಬಿಟ್ಟು, ಇನ್ನೊಂದನ್ನು ಬಲಕ್ಕೆ ಬಿಟ್ಟು, ಮಳೆಗಾಲದ ಘಾಟಿಯಲ್ಲಿ ಹೊಂಡ ತಪ್ಪಿಸುವ ಚಾಲಕನಂತೆ ಸಾಗಬೇಕು.

45 ದಿನ, ಮೂರು ವಿಮಾನ

ಈ ದಾರಿಯನ್ನು ಮೊದಲು ಹಾರಿದವರ ಕಥೆ ಕೇಳಿದರೆ ಹದಿಮೂರು ಗಂಟೆಯ ಬಗ್ಗೆ ದೂರು ಹೇಳಲು ಮನಸ್ಸಾಗದು. 1920ರ ಫೆಬ್ರುವರಿ 4ರಂದು ದಕ್ಷಿಣ ಆಫ್ರಿಕಾದ ಪಿಯರ್ ವಾನ್ ರೈನವೆಲ್ಡ್ ಮತ್ತು ಕ್ವಿಂಟಿನ್ ಬ್ರ್ಯಾಂಡ್ ಎಂಬಿಬ್ಬರು ಲಂಡನ್ ಬಳಿಯಿಂದ ‘ಸಿಲ್ವರ್ ಕ್ವೀನ್’ ಎಂಬ ವಿಮಾನದಲ್ಲಿ ಕೇಪ್‌ಟೌನ್‌ಗೆ ಹೊರಟರು. ಕೈರೋ ದಾಟಿ ಖಾರ್ಟೂಮ್ ಕಡೆಗೆ ಹೋಗುವಾಗ ಆ ವಿಮಾನ ಮರುಭೂಮಿಯಲ್ಲಿ ನೆಲಕ್ಕಪ್ಪಳಿಸಿತು. ಎರಡನೆಯ ವಿಮಾನ ಸಿಕ್ಕಿತು. ಅದು ಈಗಿನ ಜಿಂಬಾಬ್ವೆಯ ಬುಲವಾಯೊದಲ್ಲಿ ಮುರಿದುಬಿತ್ತು. ಮೂರನೆಯದು ಅವರನ್ನು ಮಾರ್ಚ್ 20ರಂದು ಕೇಪ್‌ಟೌನ್‌ಗೆ ಮುಟ್ಟಿಸಿತು. ಒಟ್ಟು 45 ದಿನ. ಅದರಲ್ಲಿ ಆಕಾಶದಲ್ಲಿದ್ದದ್ದು ಸುಮಾರು 110 ಗಂಟೆ ಮಾತ್ರ, ಅಂದರೆ ಐದು ದಿನವೂ ಇಲ್ಲ. ಹಾರುವ ಹೊತ್ತು ಬೇರೆ, ತಲುಪುವ ಹೊತ್ತು ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

1932ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಕಂಪನಿ ಲಂಡನ್–ಕೇಪ್‌ಟೌನ್ ಸೇವೆ ಶುರುಮಾಡಿದಾಗ ವೇಳಾಪಟ್ಟಿಯಲ್ಲಿದ್ದದ್ದು 11 ದಿನ. ನೈಲ್ ನದಿಯ ಗುಂಟ ಖಾರ್ಟೂಮ್, ಮುಂದೆ ಕೀನ್ಯಾದ ಕಿಸುಮು, ನೈರೋಬಿ ಹೀಗೆ ಊರೂರಿನಲ್ಲಿ ಇಳಿದು, ರಾತ್ರಿ ತಂಗಿ, ಬೆಳಗಾದ ಮೇಲೆ ಮತ್ತೆ ಹಾರುವ ಪದ್ಧತಿ. ಕೇಪ್‌ನಿಂದ ಕೈರೋವರೆಗೆ ರೈಲು ಹಾಕುತ್ತೇನೆಂದು ಹೊರಟ ಬ್ರಿಟಿಷ್ ಸಾಮ್ರಾಜ್ಯವಾದಿ ಸೆಸಿಲ್ ರೋಡ್ಸ್ 1902ರಲ್ಲೇ ತೀರಿಕೊಂಡಿದ್ದ. ಆ ಹಳಿ ಇಂದಿಗೂ ಪೂರ್ತಿ ಕೂಡಿಲ್ಲ. ರಸ್ತೆಯಲ್ಲಿ ಹೋಗುವುದಾದರೆ 10,000 ಕಿ.ಮೀ.ಗೂ ಹೆಚ್ಚು.

ನೇರ ವಿಮಾನ ಹುಡುಕಿದರೂ ಏಕೆ ಕಾಣುವುದಿಲ್ಲ?

ಖಂಡದ ಎರಡು ಹೆಸರಾಂತ ನಗರಗಳು, ನಡುವೆ ಒಂಬತ್ತು ಗಂಟೆಯ ದೂರ. ಬೆಳಿಗ್ಗೆ ಒಂದು, ಸಂಜೆ ಒಂದು ವಿಮಾನ ಇರಬೇಕಿತ್ತಲ್ಲ ಎಂದು ಅನ್ನಿಸುವುದು ಸಹಜ. ಹುಡುಕಿದರೆ ತೆರೆಯ ಮೇಲೆ ಸಾಲಾಗಿ ಬರುವುದು ನಡುವೆ ಇಳಿದು ಹತ್ತುವ ಪ್ರಯಾಣಗಳು.

ಮೊದಲ ಕಾರಣ ಜನ. ಬೆಂಗಳೂರು–ದೆಹಲಿ ನಡುವೆ ಓಡಾಡುವ ಏರ್‌ಬಸ್ 320ರಂಥ ಒಂಟಿ ಓಣಿಯ ವಿಮಾನಗಳ ಹಾರಾಟದ ಮಿತಿ ಆರು ಸಾವಿರ ಕಿ.ಮೀ. ಆಸುಪಾಸು. 7,200 ಕಿ.ಮೀ.ಗೆ ಸಾಮಾನ್ಯವಾಗಿ ದೊಡ್ಡ ವಿಮಾನವೇ ಬೇಕು. ಅದರಲ್ಲಿ ಮುನ್ನೂರರ ಹತ್ತಿರ ಆಸನಗಳಿರುತ್ತವೆ. ಕೈರೋದಿಂದ ಕೇಪ್‌ಟೌನ್‌ಗೇ ಹೋಗಬೇಕಾದ ಅಷ್ಟು ಜನ ಒಂದೇ ದಿನ ಸಿಗಬೇಕು, ಮರುದಿನವೂ ಸಿಗಬೇಕು. ಸಿಗದಿದ್ದರೆ ಖಾಲಿ ಸೀಟಿನ ಇಂಧನದ ಖರ್ಚು ಕಂಪನಿಯ ತಲೆಯ ಮೇಲೆ. ಅದಕ್ಕೇ ಕಂಪನಿಗಳು ಮೆಜೆಸ್ಟಿಕ್ ಸೂತ್ರವನ್ನು ಹಿಡಿದಿವೆ. ಬೆಂಗಳೂರಿನ ಹತ್ತು ಬಡಾವಣೆಗಳಿಂದ ಇನ್ನು ಹತ್ತು ಬಡಾವಣೆಗಳಿಗೆ ನೇರ ಬಸ್ ಹಾಕಲು ಹೊರಟರೆ ನೂರು ದಾರಿ ಬೇಕು. ಎಲ್ಲರನ್ನೂ ಮೆಜೆಸ್ಟಿಕ್‌ಗೆ ತಂದು ಅಲ್ಲಿ ಬಸ್ ಬದಲಿಸಿಕೊಳ್ಳಿ ಎಂದರೆ ಇಪ್ಪತ್ತೇ ದಾರಿ ಸಾಕು. ಆಫ್ರಿಕಾದ ಆಕಾಶಕ್ಕೆ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾ, ನೈರೋಬಿ, ಜೊಹಾನ್ಸ್‌ಬರ್ಗ್ ಅಂಥ ಮೆಜೆಸ್ಟಿಕ್‌ಗಳು.

ಎರಡನೆಯ ಕಾರಣ ಪರ್ಮಿಟ್. ಕರ್ನಾಟಕದ ಸಾರಿಗೆ ಬಸ್ಸು ತಮಿಳುನಾಡಿಗೋ ಮಹಾರಾಷ್ಟ್ರಕ್ಕೋ ಹೋಗಬೇಕಾದರೆ ಎರಡು ರಾಜ್ಯಗಳು ಕುಳಿತು ಒಪ್ಪಂದ ಮಾಡಿಕೊಳ್ಳಬೇಕು: ಯಾವ ಊರಿಗೆ, ಎಷ್ಟು ಬಸ್ಸು ಎಂದು. ವಿಮಾನದ್ದೂ ಹಾಗೆಯೇ. ಎರಡು ದೇಶಗಳ ನಡುವೆ ವಾರಕ್ಕೆ ಎಷ್ಟು ವಿಮಾನ ಹಾರಬೇಕೆಂಬುದು ಸರ್ಕಾರಗಳ ಒಪ್ಪಂದದಲ್ಲಿ ನಿಗದಿಯಾಗಿರುತ್ತದೆ. ನಡುವಿನ ಮೂರನೆಯ ದೇಶದಲ್ಲಿ ಇಳಿದು ಅಲ್ಲಿಯ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಇನ್ನೊಂದು ಅನುಮತಿ ಬೇಕು. ಆಫ್ರಿಕಾದಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳಿವೆ. ಜೋಡಿಗಳ ಲೆಕ್ಕ ಸಾವಿರ ದಾಟುತ್ತದೆ. ಈ ಗಂಟುಗಳನ್ನು ಸಡಿಲಿಸಬೇಕೆಂದು 1999ರಲ್ಲಿ ಐವರಿ ಕೋಸ್ಟ್‌ನ ಯಾಮುಸುಕ್ರೊದಲ್ಲಿ ನಿರ್ಣಯವಾಯಿತು. ಅದನ್ನು ಜಾರಿಗೆ ತರಲೆಂದು ಆಫ್ರಿಕಾ ಒಕ್ಕೂಟ 2018ರ ಜನವರಿಯಲ್ಲಿ ಖಂಡಕ್ಕೆಲ್ಲ ಒಂದೇ ವಿಮಾನ ಮಾರುಕಟ್ಟೆ ಎಂಬ ಯೋಜನೆಗೆ ಚಾಲನೆ ಕೊಟ್ಟಿತು. ನಡುವೆ ಹದಿನೆಂಟು ವರ್ಷ ಕಳೆದವು ಎಂಬುದೇ ಕೆಲಸದ ವೇಗವನ್ನು ಹೇಳುತ್ತದೆ.

ಹಳೆಯ ಕಾಲದ ನೆರಳೂ ಇದೆ. ವಸಾಹತು ಆಡಳಿತಗಳು ಹಾಕಿದ ವಾಯುಮಾರ್ಗಗಳು ಲಂಡನ್, ಪ್ಯಾರಿಸ್, ಲಿಸ್ಬನ್‌ಗಳ ಕಡೆಗೆ ಮುಖ ಮಾಡಿದ್ದವು, ನೆರೆಯ ನಾಡುಗಳ ಕಡೆಗಲ್ಲ. ಪಶ್ಚಿಮ ಆಫ್ರಿಕಾದ ಊರಿನಿಂದ ಪೂರ್ವದ ಇನ್ನೊಂದು ಊರಿಗೆ ಹೋಗಲು ಯುರೋಪಿಗೆ ಹೋಗಿ ಬರುವ ಪಾಡು ಬಹುಕಾಲ ಇತ್ತು. ಕೆಲವು ಜೋಡಿಗಳಿಗೆ ಈಗಲೂ ಇದೆ.

ಮೂರು ದಾರಿಗಳ ತೂಕ

ಮೇಷ್ಟ್ರ ಮುಂದೆ ಇದ್ದದ್ದು ಮುಖ್ಯವಾಗಿ ಮೂರು ದಾರಿ. ಗೆರೆಯ ಅಳತೆಯಲ್ಲೇ ಹೋಲಿಸೋಣ.

ಜೊಹಾನ್ಸ್‌ಬರ್ಗ್ ಮೇಲೆ ಹೋದರೆ ಮೊದಲ ಹಾರಾಟ ಸುಮಾರು 6,260 ಕಿ.ಮೀ., ಎಂಟು ಗಂಟೆಯ ಆಸುಪಾಸು. ಅಲ್ಲಿಂದ ಕೇಪ್‌ಟೌನ್‌ಗೆ 1,270 ಕಿ.ಮೀ., ಎರಡು ಗಂಟೆ. ದೂರದಲ್ಲಿ ಮುನ್ನೂರು ಕಿ.ಮೀ. ಚಿಲ್ಲರೆ ಮಾತ್ರ ಹೆಚ್ಚು. ಆದರೆ ಇಲ್ಲೊಂದು ಸೂಕ್ಷ್ಮವಿದೆ: ದಕ್ಷಿಣ ಆಫ್ರಿಕಾಕ್ಕೆ ಕಾಲಿಡುವುದು ಜೊಹಾನ್ಸ್‌ಬರ್ಗ್‌ನಲ್ಲಿ. ಅಲ್ಲೇ ಪಾಸ್‌ಪೋರ್ಟಿಗೆ ಮೊಹರು ಬೀಳಬೇಕು, ಪೆಟ್ಟಿಗೆಗಳನ್ನು ಬೆಲ್ಟಿನಿಂದ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು. ನಡುವೆ ಎರಡೂವರೆ ಮೂರು ಗಂಟೆ ಇಟ್ಟುಕೊಳ್ಳದಿದ್ದರೆ ಓಟವೇ ಗತಿ.

ಅಡಿಸ್ ಅಬಾಬಾ ಮೇಲೆ ಹೋದರೆ ಮೊದಲು 2,470 ಕಿ.ಮೀ., ಆಮೇಲೆ 5,230 ಕಿ.ಮೀ. ಒಟ್ಟು 7,700, ನೇರ ಗೆರೆಗಿಂತ ಐನೂರು ಕಿ.ಮೀ. ಹೆಚ್ಚು. ಪೆಟ್ಟಿಗೆ ನೇರ ಕೇಪ್‌ಟೌನ್‌ಗೆ ಹೋಗುತ್ತದೆ, ನೀವು ಬರಿಗೈಯಲ್ಲಿ ವಿಮಾನ ಬದಲಿಸಿದರೆ ಆಯಿತು. ಅಡಿಸ್ ನಿಲ್ದಾಣ ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿದೆ, ಬೆಂಗಳೂರಿನ ಎರಡೂವರೆಯಷ್ಟು. ಅಲ್ಲಿ ಪಾತ್ರೆಯಲ್ಲಿ ಇಟ್ಟ ನೀರು 92 ಡಿಗ್ರಿಗೇ ಕುದಿಯುತ್ತದೆ. ಗಾಳಿ ತೆಳುವಾಗಿರುವುದರಿಂದ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ ಸಿಗುತ್ತದೆ. ವಿಮಾನ ಹೆಚ್ಚು ದೂರ ಓಡಿ ಮೇಲೇಳಬೇಕು, ಇಲ್ಲವೇ ಭಾರ ಇಳಿಸಿಕೊಳ್ಳಬೇಕು. ಜೊಹಾನ್ಸ್‌ಬರ್ಗ್ ಕೂಡ 1,700 ಮೀಟರಿನ ಹತ್ತಿರದ ಎತ್ತರದ ಊರು. ಅಲ್ಲಿಯ ಉದ್ದದ ರನ್‌ವೇ 4,400 ಮೀಟರ್ ಇರುವುದು ಆಡಂಬರಕ್ಕಲ್ಲ.

ಈ ದಾರಿಯಲ್ಲಿ ಕಾಯುವ ಹೊತ್ತಿಗೂ ಒಂದು ಬೆಲೆಯಿದೆ. ಇಥಿಯೋಪಿಯಾ ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ಅಂಥ ದೇಶದ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಹೊತ್ತು ಕಳೆದು ದಕ್ಷಿಣ ಆಫ್ರಿಕಾಕ್ಕೆ ಇಳಿಯುವವರು ಲಸಿಕೆಯ ಹಳದಿ ಕಾರ್ಡ್ ತೋರಿಸಬೇಕು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಚುಚ್ಚಿಸಿಕೊಂಡಿರಬೇಕು. ಅಗ್ಗದ ಟಿಕೆಟ್ಟಿನ ಆಸೆಗೆ ಹದಿನಾಲ್ಕು ಗಂಟೆ ಕಾಯುವ ಪ್ರಯಾಣವನ್ನು ಆರಿಸಿದವರು ಇದನ್ನು ಗಮನಿಸಬೇಕು. ಊರಿಗೆ ಮರಳುವಾಗಲೂ ಹಳದಿ ಜ್ವರದ ನಾಡುಗಳ ಮೂಲಕ ಬಂದವರನ್ನು ಭಾರತದ ನಿಲ್ದಾಣಗಳಲ್ಲಿ ಕೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಿಕೊಳ್ಳುವ ಅಧಿಕಾರ ಅವರಿಗಿದೆ. ಹೊರಡುವ ಮುನ್ನ ಆಯಾ ದೇಶದ ಇತ್ತೀಚಿನ ನಿಯಮ ನೋಡಿಕೊಳ್ಳುವುದು ಕ್ಷೇಮ.

ಮೂರನೆಯದು ದುಬೈ ದಾರಿ. 2,415 ಕಿ.ಮೀ. ಪೂರ್ವಕ್ಕೆ ಹೋಗಿ, ಅಲ್ಲಿಂದ 7,640 ಕಿ.ಮೀ. ಇಳಿಯಬೇಕು. ಒಟ್ಟು ಹತ್ತು ಸಾವಿರ ದಾಟಿತು. ದುಬೈನಿಂದ ಕೇಪ್‌ಟೌನ್‌ಗೆ ಇರುವ ದೂರವೇ ಕೈರೋದಿಂದ ಇರುವುದಕ್ಕಿಂತ ಹೆಚ್ಚು! ಮೈಸೂರಿಗೆ ಹೋಗಲು ಬೆಂಗಳೂರಿನವರು ಮೊದಲು ಕೋಲಾರಕ್ಕೆ ಹೋದಂತೆ. ಆದರೂ ಎಷ್ಟೋ ಸಲ ಇದೇ ಅಗ್ಗವಾಗಿರುತ್ತದೆ, ಏಕೆಂದರೆ ಟಿಕೆಟ್ಟಿನ ಬೆಲೆ ಕಿಲೋಮೀಟರಿನ ಮೇಲೆ ನಿಂತಿಲ್ಲ. ಎಷ್ಟು ಸೀಟು ಖಾಲಿ ಇದೆ, ಎಷ್ಟು ಕಂಪನಿಗಳು ಪೈಪೋಟಿಗಿಳಿದಿವೆ ಎಂಬುದರ ಮೇಲೆ ನಿಂತಿದೆ.

ಗಡಿಯಾರದ ಆಟ

‘ಅಷ್ಟು ದೂರ ಹೋದ ಮೇಲೆ ಗಡಿಯಾರ ಎಷ್ಟು ತಿರುಗಿಸಬೇಕು?’ ಎಂದು ಮೇಷ್ಟ್ರ ಹೆಂಡತಿ ಕೇಳಿದರು. ಡಿಸೆಂಬರಿನಲ್ಲಾದರೆ ಒಂದು ನಿಮಿಷವೂ ಬೇಡ. ಸಮಯ ಬದಲಾಗುವುದು ಪೂರ್ವ–ಪಶ್ಚಿಮ ಹೋದಾಗ, ಉತ್ತರ–ದಕ್ಷಿಣ ಹೋದಾಗಲ್ಲ. ಚಳಿಗಾಲದಲ್ಲಿ ಕೈರೋ, ಕೇಪ್‌ಟೌನ್ ಎರಡರಲ್ಲೂ ಒಂದೇ ಗಂಟೆ. ನಮಗಿಂತ ಮೂರೂವರೆ ಗಂಟೆ ಹಿಂದೆ. ಈಜಿಪ್ಟ್ 2023ರಿಂದ ಮತ್ತೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಿರುವುದರಿಂದ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ಒಂದು ಗಂಟೆಯ ವ್ಯತ್ಯಾಸ. ನಿದ್ದೆ ಏರುಪೇರಾಗುವುದಿಲ್ಲ. ಆದರೆ ಕೈರೋದಲ್ಲಿ ತೊಟ್ಟ ಸ್ವೆಟರನ್ನು ಕೇಪ್‌ಟೌನ್‌ನಲ್ಲಿ ಬಿಚ್ಚಿಡಬೇಕು. ಡಿಸೆಂಬರ್ ಅಲ್ಲಿ ನಡುಬೇಸಿಗೆ.

ಇದಕ್ಕೆ ತದ್ವಿರುದ್ಧ ಲಾಗೋಸ್–ನೈರೋಬಿ. ದೂರ ಸುಮಾರು 3,830 ಕಿ.ಮೀ., ಹಾರಾಟ ಸುಮಾರು ಐದು ಗಂಟೆ. ನಮ್ಮ ಮುಂಬೈಯಿಂದ ನೈರೋಬಿಗೆ 4,530 ಕಿ.ಮೀ. ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ಹತ್ತಿರದ ಊರೇ ಸರಿ. ಆದರೆ ನೈರೋಬಿಯ ಗಡಿಯಾರ ಲಾಗೋಸ್‌ಗಿಂತ ಎರಡು ಗಂಟೆ ಮುಂದೆ. ಲಾಗೋಸ್‌ನಲ್ಲಿ ಹಗಲು 11ಕ್ಕೆ ಹೊರಟವರು ನೈರೋಬಿಯಲ್ಲಿ ಸಂಜೆ 6ಕ್ಕೆ ಇಳಿಯುತ್ತಾರೆ. ಟಿಕೆಟ್ ನೋಡಿದರೆ ಏಳು ಗಂಟೆಯ ಪ್ರಯಾಣವೆನ್ನಿಸುತ್ತದೆ. ಮರಳುವಾಗ 11ಕ್ಕೆ ಹೊರಟರೆ ಮಧ್ಯಾಹ್ನ 2ಕ್ಕೆ ಲಾಗೋಸ್. ಮೂರೇ ಗಂಟೆ ಎನ್ನಿಸುತ್ತದೆ. ಟಿಕೆಟ್ಟಿನಲ್ಲಿರುವ ಎರಡೂ ಹೊತ್ತು ಆಯಾ ಊರಿನ ಗಡಿಯಾರದವು ಎಂಬುದನ್ನು ಮರೆತರೆ ಇಂಥ ಪವಾಡಗಳು ನಡೆಯುತ್ತವೆ.

ಇನ್ನೊಂದು ಗಡಿಯಾರವಿದೆ, ಅದು ಟಿಕೆಟ್ಟಿನಲ್ಲಿ ಕಾಣುವುದಿಲ್ಲ. ಇಥಿಯೋಪಿಯಾದ ಅಮ್ಹಾರಿಕ್‌ನಲ್ಲೂ ಕೀನ್ಯಾ, ತಾಂಜಾನಿಯಾಗಳ ಸ್ವಾಹಿಲಿಯಲ್ಲೂ ದಿನದ ಲೆಕ್ಕ ಶುರುವಾಗುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ, ಸ್ವಾಹಿಲಿಯಲ್ಲಿ ‘ಸಾ ಮೋಜಾ’. ಭೂಮಧ್ಯರೇಖೆಯ ಬಳಿ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಏಳುವುದರಿಂದ ಈ ಲೆಕ್ಕ ಅಲ್ಲಿ ಚೆನ್ನಾಗಿ ಕೂಡುತ್ತದೆ. ಅಡಿಸ್‌ನಲ್ಲಿ ಟ್ಯಾಕ್ಸಿಯವನು ‘ಎರಡು ಗಂಟೆಗೆ ಬರುತ್ತೇನೆ’ ಎಂದರೆ ಬೆಳಗಿನ ಎಂಟೋ ಎಂದು ಕೇಳಿ ಖಚಿತ ಮಾಡಿಕೊಳ್ಳಬೇಕು. ಮೇಷ್ಟ್ರಿಗೆ ಇದು ವಿಚಿತ್ರವೆನಿಸಲಿಲ್ಲ. ಗೂಡಿನಲ್ಲಿದ್ದ ಪಂಚಾಂಗ ತೆಗೆದು ತೋರಿಸಿದರು: ಅದರಲ್ಲೂ ಘಳಿಗೆಯ ಎಣಿಕೆ ಸೂರ್ಯೋದಯದಿಂದಲೇ. ಘಳಿಗೆಗೆ 24 ನಿಮಿಷದಂತೆ ಒಂಬತ್ತು ಗಂಟೆಯ ಹಾರಾಟಕ್ಕೆ ಇಪ್ಪತ್ತೆರಡೂವರೆ ಘಳಿಗೆ ಎಂದು ಲೆಕ್ಕ ಹಾಕಿ ತಾವೇ ನಕ್ಕರು.

ಕೊನೆಗೆ ಅವರು ಆರಿಸಿದ್ದು ಜೊಹಾನ್ಸ್‌ಬರ್ಗ್ ದಾರಿ, ರಾತ್ರಿಯ ವಿಮಾನ, ನಡುವೆ ಮೂರೂವರೆ ಗಂಟೆ. ಕಿಟಕಿಯ ಸೀಟು ಎಡಕ್ಕೋ ಬಲಕ್ಕೋ ಎಂಬ ಚರ್ಚೆ ಗಂಡ ಹೆಂಡಿರ ನಡುವೆ ಎರಡು ದಿನ ನಡೆಯಿತು. ವಿಮಾನ ದಕ್ಷಿಣಕ್ಕೆ ಮುಖ ಮಾಡಿ ಹೋಗುತ್ತದೆ. ಹಾಗಾದರೆ ಪೂರ್ವ ಎಡಗೈ ಕಡೆ. ರಾತ್ರಿ ಹನ್ನೊಂದರ ಸುಮಾರಿಗೆ ಕೈರೋ ಬಿಟ್ಟರೆ ಜಾಂಬಿಯಾ ಆಸುಪಾಸಿನಲ್ಲಿ ಬೆಳಗಾಗುತ್ತದೆ. ಮೇಷ್ಟ್ರ ಹೆಂಡತಿ ಎಡಗಡೆಯ ಕಿಟಕಿಯನ್ನು ತಮ್ಮ ಹೆಸರಿಗೆ ಬರೆಸಿಕೊಂಡಿದ್ದಾರೆ.